ಬಂಗಾರಿಯ ನೀಲಿ ಕೊಂಬು ಮತ್ತು ನಿಮ್ಮ ಕಚೇರಿಯ ಪರಿಶುದ್ಧತೆ

ಸಾವಯವ ಪ್ರಮಾಣಪತ್ರ ಕೊಡುವ ಮತ್ತು ಕಿತ್ತುಕೊಳ್ಳುವ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬಂಗಾರಿಯ ಕೊಂಬು ನೀಲಿಯಾಗಿದೆ ಎಂಬ ಒಂದೇ ಕಾರಣಕ್ಕೆ ಅವಳ ಹಾಲು ಸಾವಯವವಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಬಂಗಾರಿ ಒಂದು ಹಸು. ಹಸುವಿನ ಕೊಂಬು ತಲೆಯ ಮೇಲಿರುತ್ತದೆ, ಕೆಚ್ಚಲು ಹಿಂದಿನ ಕಾಲುಗಳ ನಡುವೆ ಇರುತ್ತದೆ, ಇವೆರಡರ ಮಧ್ಯೆ ಒಂದು ಇಡೀ ಹಸು ಇರುತ್ತದೆ. ಇಷ್ಟು ಸಣ್ಣ ವಿಷಯವನ್ನು ತಮ್ಮ ಗಮನಕ್ಕೆ ತರಲು ನಾನು ಸಂಕ್ರಾಂತಿಯಿಂದ ವರಮಹಾಲಕ್ಷ್ಮಿ ಹಬ್ಬದವರೆಗೆ ಬರೆದ ಪತ್ರಗಳು ತಮ್ಮ ಕಚೇರಿಯಲ್ಲಿ ಯಾವ ಕಪಾಟು ಸೇರಿವೆಯೋ ಗೊತ್ತಿಲ್ಲ. ಎಲ್ಲದರಲ್ಲೂ 'ದಯಮಾಡಿ ಪರಿಶೀಲಿಸಬೇಕಾಗಿ ಪ್ರಾರ್ಥನೆ' ಎಂದು ತಲೆ ಬಗ್ಗಿಸಿಯೇ ಬರೆದಿದ್ದೆ. ಬಗ್ಗಿಸಿ ಬಗ್ಗಿಸಿ ಕತ್ತು ನೋವು ಬಂದಿದೆ. ಹಾಗಾಗಿ ಈ ಸಲ ನೆಟ್ಟಗೆ ಕೂತು, ಜಿಲ್ಲೆಯ ಜನಕ್ಕೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅಪಾರ್ಥ ಮಾಡಿಕೊಳ್ಳಬಾರದು. ಮಾಡಿಕೊಂಡರೂ ಈಗ ಆಗಿರುವುದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ನಾನು ಶಿಡ್ಲಘಟ್ಟ ತಾಲ್ಲೂಕು ಸಾದಲಿ ಹೋಬಳಿಯ ಒಂದು ರೈತರ ಸಂಘದ ಕಾರ್ಯದರ್ಶಿ. ಈ ಸಂಘ ಯಾರ ಅಪ್ಪನ ಮನೆಯದೂ ಅಲ್ಲ, ಹಾಲು ಹಾಕುವವರದ್ದು. ಹಾಲು, ಮೊಸರು, ತುಪ್ಪ, ರಾಗಿ ಹುರಿಹಿಟ್ಟು, ಹುರುಳಿ, ಕಾಲಕ್ಕೆ ತಕ್ಕಂತೆ ಅವರೆಕಾಯಿ, ಇವಿಷ್ಟು ನಮ್ಮ ವ್ಯಾಪಾರ. ಚಿಕ್ಕಬಳ್ಳಾಪುರ, ಚಿಂತಾಮಣಿ ಮತ್ತು ಬೆಂಗಳೂರಿನ ಅಂಗಡಿಗಳಿಗೆ ಹೋಗುತ್ತದೆ. ಗೊಬ್ಬರದ ಅಂಗಡಿಯ ಕಡೆ ನಮ್ಮ ಸದಸ್ಯರು ತಲೆ ಹಾಕಿ ವರ್ಷಗಳಾದವು. ನಮ್ಮ ಹಸುಗಳ ಅರ್ಧ ಮೇವು, ರೇಷ್ಮೆ ಹುಳು ತಿಂದು ಮಿಕ್ಕ ಹಿಪ್ಪುನೇರಳೆ ಸೊಪ್ಪು. ಔಷಧಿ ಹೊಡೆದ ಸೊಪ್ಪು ಹಾಕಿದರೆ ಹುಳು ಮಧ್ಯಾಹ್ನದೊಳಗೆ ಅಡ್ಡ ಬೀಳುತ್ತದೆ. ಅಂದರೆ ನಮ್ಮ ಮೇವನ್ನು ತಮಗಿಂತ ಮೊದಲು ಹುಳುವೇ ಪರಿಶೀಲಿಸಿರುತ್ತದೆ. ಅದು ಕಾರು ಕೇಳುವುದಿಲ್ಲ, ಪ್ರಯಾಣ ಭತ್ಯೆಯನ್ನೂ ಕೇಳುವುದಿಲ್ಲ, ಮರು ಪರಿಶೀಲನೆಗೆ ಬರುತ್ತೇನೆ ಎಂದು ಹೆದರಿಸುವುದೂ ಇಲ್ಲ.

ಸಂಘದ ಮೊದಲ ಸದಸ್ಯೆ ವೆಂಕಟರತ್ನಮ್ಮನವರು. ಹಾಲು ಕಲೆಹಾಕುವ ದಲ್ಲಾಳಿಗಳ ಬಾಯಿಗೆ ಬಿದ್ದು ಸಾಕಾಗಿದ್ದ ಊರಿನ ಹೆಂಗಸರನ್ನು ಮನೆಮನೆಗೆ ಹೋಗಿ ಎಬ್ಬಿಸಿ, ಬೈದು, ಪುಸಲಾಯಿಸಿ ಒಂದು ಕಡೆ ಕೂರಿಸಿದವರು ಅವರು. ಸಂಘದ ನಿಯಮದಲ್ಲಿ 'ತನ್ನ ಹಸುವಿನ ಹಾಲನ್ನು ಸಂಘಕ್ಕೆ ಹಾಕದವರಿಗೆ ಮಹಾಸಭೆಯ ಹೊತ್ತಿಗೆ ಸದಸ್ಯತ್ವವಿಲ್ಲ, ಓಟೂ ಇಲ್ಲ' ಎಂಬ ಸಾಲನ್ನು ಹಟ ಹಿಡಿದು ಸೇರಿಸಿದವರೂ ಅವರೇ. ಹಸು ಕಟ್ಟದವನು, ಸಗಣಿ ಬಾಚದವನು ಬಂದು ಮುಂದಿನ ಕುರ್ಚಿಯಲ್ಲಿ ಕೂರಬಾರದು ಎಂಬುದು ಅವರ ಲೆಕ್ಕಾಚಾರ. ಅವರಿಗಿರುವುದು ಒಂದೇ ಹಸು, ಬಂಗಾರಿ. ಸಂಘದ ಉಳಿದ ಹಸುಗಳು ಮಿಶ್ರತಳಿಯವು, ಬಿಂದಿಗೆಗಟ್ಟಲೆ ಕೊಡುತ್ತವೆ, ಕೊಂಬು ಮಾತ್ರ ಹೆಬ್ಬೆರಳಿನಷ್ಟು. ಬಂಗಾರಿ ಹಳ್ಳಿಕಾರ್ ತಳಿ. ಅವಳು ಕೊಡುವುದು ಚೊಂಬಿನಷ್ಟು ಹಾಲು, ಹೊತ್ತಿರುವುದು ಗಜ ಉದ್ದದ ಕೊಂಬು. ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೂ ಒಂದು ನೋಟಿಸು ಬಂದೀತು. ವೆಂಕಟರತ್ನಮ್ಮನವರು ನನ್ನ ಅತ್ತೆ. ನಾನು ಮನೆಯಲ್ಲಿ ಅವರ ಸೊಸೆ, ಸಂಘದಲ್ಲಿ ಅವರ ಹಾಲನ್ನು ತಡೆಯಬೇಕಾದ ಕಾರ್ಯದರ್ಶಿ. ಇಂಥ ಯೋಗ ಯಾವ ಜಾತಕದಲ್ಲೂ ಬರೆದಿರುವುದಿಲ್ಲ ಎಂದುಕೊಂಡಿದ್ದೆ.

ಸಂಕ್ರಾಂತಿಗೆ ನಮ್ಮ ಕಡೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತಾರೆ ಎಂಬುದು ತಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರಿನ ಜನವರಿ ಪುಟದಲ್ಲಿ ಚಿತ್ರ ಇರುತ್ತದೆ, ನೋಡಿ. ಸಂಘದಿಂದ ನಾವು ಅರಿಶಿನ ಮತ್ತು ಕೆಮ್ಮಣ್ಣು ಹಚ್ಚಿರಿ ಎಂದು ಹೇಳಿದ್ದೆವು. ಹೆಬ್ಬೆರಳು ಕೊಂಬಿನವರೆಲ್ಲ ಅದನ್ನೇ ಮಾಡಿದರು. ಅತ್ತೆಗೆ ಮಾತ್ರ ಆ ಗಜ ಉದ್ದದ ಕೊಂಬಿಗೆ ಕೆಮ್ಮಣ್ಣು ಬಳಿಯಲು ಮನಸ್ಸು ಬರಲಿಲ್ಲ. ಮನೆಯ ಗೇಟಿಗೆ ಹೊಡೆಸಿ ಮಿಕ್ಕಿದ್ದ ನೀಲಿ ಪೇಂಟಿನ ಡಬ್ಬ ಅಟ್ಟದ ಮೇಲಿತ್ತು. ಹೊಸ ಬ್ರಷ್ ತರಿಸಿ, ಕೂತು, ಬುಡದಿಂದ ತುದಿಯವರೆಗೆ ಎರಡು ಕೋಟು ಬಳಿದರು. ಬಂಗಾರಿ ಕಿಚ್ಚು ಹಾಯುವಾಗ ಊರಿನ ಮೊಬೈಲುಗಳೆಲ್ಲ ಅವಳ ಕಡೆಗೇ ತಿರುಗಿದ್ದವು. ಮರುದಿನ ಬೆಳಿಗ್ಗೆಯೇ, ಮುನ್ಸೂಚನೆ ಕೊಡದ ಪರಿಶೀಲನೆ ಎಂಬ ಹೆಸರಿನಲ್ಲಿ, ತಮ್ಮ ಪರಿಶೀಲಕರು ಬಂದಿಳಿದರು.

ಅವರು ಒಳ್ಳೆಯ ಮನುಷ್ಯರೇ. ಎಳ್ಳುಬೆಲ್ಲ ತಿಂದರು, ಕಬ್ಬು ಕಟ್ಟಿಕೊಟ್ಟರೆ ಬೇಡ ಎನ್ನಲಿಲ್ಲ. ಕೊಟ್ಟಿಗೆ ನೋಡಿ ಮೆಚ್ಚಿಕೊಂಡರು. ಆಮೇಲೆ ಬಂಗಾರಿಯ ಮುಂದೆ ನಿಂತು ಕನ್ನಡಕ ಮೇಲಕ್ಕೆ ಸರಿಸಿದರು.

"ಅಮ್ಮಾ, ಇದು ಯಾವ ಬಣ್ಣ?"

"ಗೇಟಿಗೆ ಹೊಡ್ಸಿದ್ವಲ್ಲಪ್ಪ, ಅದ್ರಾಗೆ ಮಿಕ್ಕಿತ್ತು," ಎಂದರು ಅತ್ತೆ ಹೆಮ್ಮೆಯಿಂದ. "ಒಳ್ಳೇ ಕಂಪನೀದು. ಮಳೆಗೂ ಹೋಗಲ್ಲ, ಬಿಸಿಲಿಗೂ ಹೋಗಲ್ಲ. ಅಂಗಡಿಯೋನು ಐದು ವರ್ಷ ಗ್ಯಾರಂಟಿ ಅಂದವ್ನೆ."

"ಅಂದರೆ ಎನಾಮಲ್ಲಾ?"

"ಅದೆಲ್ಲ ನಂಗೆ ತಿಳೀದಪ್ಪ. ಡಬ್ಬದಾಗೆ ಇನ್ನೊಂಚೂರು ಐತೆ, ನಿಮ್ಮನೆ ಗೇಟಿಗೆ ಬೇಕಾದ್ರೆ ತಗೊಂಡೋಗಿ."

ನಾನು ಪಕ್ಕದಲ್ಲೇ ನಿಂತು ಕಣ್ಸನ್ನೆ ಮಾಡಿದ್ದೇ ಮಾಡಿದ್ದು. ಅತ್ತೆ "ಯಾಕಮ್ಮ, ಕಣ್ಣಿಗೆ ಧೂಳು ಬಿತ್ತಾ?" ಎಂದು ಕೇಳಿದರು. ಪರಿಶೀಲಕರು ಕೊಂಬಿನ ಫೋಟೋ ತೆಗೆದುಕೊಂಡರು, ಎಡಗೊಂಬು ಒಂದು, ಬಲಗೊಂಬು ಒಂದು, ಗೇಟಿನದೂ ಒಂದು.

ವಾರದೊಳಗೆ ತಮ್ಮ ಆದೇಶ ಬಂತು. 'ಪ್ರಾಣಿಯ ದೇಹದ ಭಾಗವೊಂದರ ಮೇಲೆ ಅನುಮೋದಿತವಲ್ಲದ ಸಂಶ್ಲೇಷಿತ ವಸ್ತು ಕಂಡುಬಂದಿರುವುದರಿಂದ ಸದರಿ ಪ್ರಾಣಿಯ ಹಾಲನ್ನು ಸಾವಯವವೆಂದು ಪರಿಗಣಿಸತಕ್ಕದ್ದಲ್ಲ.' ಈ ಸಂಗತಿಯನ್ನು ನಾನು ಅತ್ತೆಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಸದರಿ ಪ್ರಾಣಿ ಅಂದ್ರೆ ನಾನಾ, ಬಂಗಾರೀನಾ?" ನಾನು ತಮಗೆ ವಿನಯದಿಂದಲೇ ಉತ್ತರ ಬರೆದೆ. ಪೇಂಟು ಕೊಂಬಿಗೆ ಹಚ್ಚಿದ್ದು, ಹುಲ್ಲಿಗಲ್ಲ. ತಮ್ಮ ಪರಿಶೀಲಕರ ತಲೆಗೂದಲು ಕಡುಗಪ್ಪು, ಕಿವಿಯ ಪಕ್ಕ ಮಾತ್ರ ಬಿಳಿ. ಹಾಗೆಂದು ಅವರು ಬರೆದ ವರದಿ ಸಂಶ್ಲೇಷಿತ ಎಂದು ನಾವು ಆಕ್ಷೇಪಣೆ ಎತ್ತಿದೆವೇ? ಅದಕ್ಕೆ ತಮ್ಮ ಕಚೇರಿ ಕೊಟ್ಟ ಸಮಜಾಯಿಷಿಯನ್ನು ನಾನು ಬಾಯಿಪಾಠ ಮಾಡಿದ್ದೇನೆ. 'ಕೊಂಬು ಪ್ರಾಣಿಯ ಅವಿಭಾಜ್ಯ ಅಂಗವಾಗಿದ್ದು, ಪ್ರಾಣಿಯು ಅದನ್ನು ನೆಕ್ಕುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಸ್ವಾಮಿ, ತಾವು ಒಮ್ಮೆ ಬಾಗಿಲು ಹಾಕಿಕೊಂಡು, ಯಾರೂ ನೋಡದಂತೆ, ತಮ್ಮ ನಾಲಿಗೆಯಿಂದ ತಮ್ಮ ನೆತ್ತಿಯನ್ನು ನೆಕ್ಕಿಕೊಳ್ಳಲು ಪ್ರಯತ್ನಿಸಿ. ಸಾಧ್ಯವಾದರೆ ನನಗೆ ತಿಳಿಸಿ, ಆ ಕ್ಷಣವೇ ಈ ಪತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸರಿ, ಪೇಂಟು ತೆಗೆಸಿಬಿಡೋಣ ಎಂದುಕೊಂಡೆವು. ತೆಗೆಸುವುದು ಹೇಗೆ ಎಂದು ಕೇಳಿ ಬರೆದೆ. ಥಿನ್ನರ್ ಹಾಕಿ ಒರೆಸಬಹುದೇ? ಥಿನ್ನರ್ ನಿಷೇಧಿತ ರಾಸಾಯನಿಕ, ಹಾಕಿದರೆ ಇಡೀ ಕೊಟ್ಟಿಗೆಯ ಪ್ರಮಾಣಪತ್ರ ಹೋಗುತ್ತದೆ. ಸೀಮೆಎಣ್ಣೆ? ಅದೂ ಹಾಗೇ. ಮರಳು ಕಾಗದದಿಂದ ಉಜ್ಜಬಹುದೇ? ಅದು ಪ್ರಾಣಿ ಕಲ್ಯಾಣದ ಅಧ್ಯಾಯದ ಪ್ರಕಾರ ಹಿಂಸೆ. ತಾನಾಗಿ ಹೋಗುವವರೆಗೆ ಕಾಯಬಹುದೇ? ಧಾರಾಳವಾಗಿ ಕಾಯಬಹುದು. ಅಂದರೆ ಅಂಗಡಿಯವನು ಕೊಟ್ಟ ಐದು ವರ್ಷದ ಗ್ಯಾರಂಟಿಯೇ ನನ್ನ ಅತ್ತೆಗೆ ಶಿಕ್ಷೆಯ ಅವಧಿ. ಕೆಟ್ಟ ಕಂಪನಿಯ ಪೇಂಟು ತಂದಿದ್ದರೆ ಬೇಸಿಗೆಗೆ ಬಿಡುಗಡೆಯಾಗುತ್ತಿತ್ತು. ತಾಳಲಾರದೆ ತಮ್ಮ ಕಚೇರಿಗೆ ಫೋನು ಮಾಡಿದಾಗ ಒಬ್ಬ ಹುಡುಗಿ ಬಹಳ ಸಮಾಧಾನವಾಗಿ ಮಾತಾಡಿದಳು.

"ಮೇಡಂ, ಪೇಂಟ್ ಹಾರ್ಮ್‌ಫುಲ್ ಅಲ್ಲ ಅಂತ ಪ್ರೂವ್ ಮಾಡಿದ್ರೆ ಕನ್ಸಿಡರ್ ಮಾಡ್ತಾರೆ. ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ."

"ಏನು ಸ್ಯಾಂಪಲ್ ಕಳಿಸ್ಬೇಕಮ್ಮ?"

"ಕೊಂಬಿಂದು ಒಂದು ಪೀಸ್ ಮೇಡಂ."

"ಕೊಂಬು ಕತ್ತರಿಸೋದಾ? ನಿಮ್ಮ ಪುಸ್ತಕದಲ್ಲೇ ಕೊಂಬು ಕತ್ತರಿಸಬಾರದು ಅಂತ ಇದೆಯಲ್ಲಮ್ಮ."

ಅವಳು ಪುಟ ತಿರುಗಿಸುವ ಸದ್ದು ಕೇಳಿಸಿತು. "ಹೌದು ಮೇಡಂ, ಇದೆ," ಎಂದಳು. ಪಾಪ, ಅವಳಿಗೂ ಬೇಜಾರಾಗಿರಬೇಕು. ಇಬ್ಬರೂ ಫೋನು ಇಟ್ಟೆವು.

ಆಮೇಲೆ ಊರಿನವರು ತಾವೇ ಕೈ ಹಾಕಿದರು. ಸಂಘದ ಅಧ್ಯಕ್ಷರಾದ ಆವಲಪ್ಪನವರು ಹಿತ್ತಾಳೆ ಬಿಂದಿಗೆಯನ್ನೇ ಬೆಳ್ಳಗೆ ಮಾಡುವ ಹುಣಸೆಹಣ್ಣಿಗೆ ಈ ಪೇಂಟು ಯಾವ ಲೆಕ್ಕ ಎಂದು, ನಮ್ಮದೇ ಹುಣಸೆ, ನಮ್ಮದೇ ಬೂದಿ ತಂದು ಪಂಚೆ ಎತ್ತಿಕಟ್ಟಿ ಉಜ್ಜಿದರು. ಬಂಗಾರಿಗೆ ಇದು ಬಲು ಹಿತವಾಗಿ ಕಣ್ಣು ಮುಚ್ಚಿ ನಿಂತಿದ್ದಳು. ಶೀಗೆಕಾಯಿ ಆಯಿತು, ಕೊನೆಗೆ ಹೊಂಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದ್ದೂ ಆಯಿತು. ಸಂಕ್ರಾಂತಿಯ ಧೂಳೆಲ್ಲ ಹೋಗಿ, ಕೊಂಬು ಅಂಗಡಿಯಿಂದ ಆಗ ತಾನೇ ತಂದ ಹಾಗೆ ಥಳಥಳ ಹೊಳೆಯತೊಡಗಿತು. ನಾವು ಪಟ್ಟ ಶ್ರಮಕ್ಕೆ ಸಾಕ್ಷಿ ಇರಲಿ ಎಂದು ನಾನು, ಬುದ್ಧಿ ಇಲ್ಲದವಳು, ಅದರ ಫೋಟೋ ತಮಗೆ ಕಳಿಸಿದೆ. ಮರುಟಪಾಲಿನಲ್ಲಿ ನೋಟಿಸು ಬಂತು. 'ಆದೇಶ ಜಾರಿಯಲ್ಲಿರುವಾಗಲೇ ಸದರಿ ಪ್ರಾಣಿಗೆ ಮತ್ತೊಮ್ಮೆ ಬಣ್ಣ ಬಳಿದಿರುವುದು ಮೇಲ್ನೋಟಕ್ಕೆ ಕಂಡುಬರುತ್ತದೆ. ಕಾರಣ ತಿಳಿಸತಕ್ಕದ್ದು.' ಆವಲಪ್ಪನವರು ಅದನ್ನು ಕೇಳಿ ಹುಣಸೆಹಣ್ಣು ಹತ್ತಿದ ಕೈಯನ್ನು ಹಣೆಗೆ ಬಡಿದುಕೊಂಡು, ಕಣ್ಣಿಗೆ ಹುಳಿ ಇಳಿದು, ಒಂದು ಗಳಿಗೆ ಯಾರಿಗೂ ಸಿಗಲಿಲ್ಲ.

ಇಲ್ಲಿಗೂ ನಿಲ್ಲಲಿಲ್ಲ ತಮ್ಮ ಕಾಳಜಿ. ಬಂಗಾರಿ ತನ್ನ ಕೊಂಬು ತಾನು ನೆಕ್ಕಲಾರಳು ಎಂದು ಒಪ್ಪಿಕೊಂಡಿರಬೇಕು, ಈಗ ಬೇರೆ ಹಸು ಬಂದು ನೆಕ್ಕಬಹುದು ಎಂಬ ಭಯ ಹುಟ್ಟಿತು. ಅವಳನ್ನು ಉಳಿದ ದನಗಳಿಂದ ದೂರ ಕಟ್ಟಬೇಕು, ಮೇಯಲು ಬೇರೆ ಜಾಗ ಕೊಡಬೇಕು, ಹಾಲು ಕರೆಯಲು ಬೇರೆ ಪಾತ್ರೆ ಇಡಬೇಕು, ಪಕ್ಕದಲ್ಲಿ 'ಸದರಿ ಪ್ರಾಣಿಯ ಹಾಲು ಸಾವಯವವಲ್ಲ' ಎಂಬ ಬೋರ್ಡು ನೆಡಬೇಕು ಎಂದು ಆಜ್ಞೆಯಾಯಿತು. ಕಾರ್ಯದರ್ಶಿಯಾದ ನಾನು ಚಾಚೂ ತಪ್ಪದೆ ಪಾಲಿಸಿದೆ. ದೂರ ಎಂದರೆ ನಮ್ಮಲ್ಲಿ ಉಳಿದಿದ್ದ ಜಾಗ ರಸ್ತೆ ಬದಿಯ ಹಳೆಯ ಕಣ. ಅಲ್ಲಿ ಒಂದು ಚಪ್ಪರ ಹಾಕಿ, ಬಂಗಾರಿಯನ್ನು ಒಬ್ಬಂಟಿಯಾಗಿ ಕಟ್ಟಿ, ತಾವು ಹೇಳಿದ ಒಕ್ಕಣೆಯ ಬೋರ್ಡು ನೆಟ್ಟೆವು. ಕೈವಾರದ ಕಡೆ ಹೋಗುವ ಭಕ್ತರ ವ್ಯಾನುಗಳು ಈ ದಾರಿಯಲ್ಲಿ ಓಡಾಡುತ್ತವೆ. ಊರಾಚೆ ಚಪ್ಪರದ ಕೆಳಗೆ, ನೀಲಿ ಕೊಂಬಿನ ಬೂದುಬಣ್ಣದ ಹಸುವೊಂದು, ಪಕ್ಕದಲ್ಲಿ ಬೋರ್ಡಿನೊಡನೆ, ಗಂಭೀರವಾಗಿ ಮೆಲುಕು ಹಾಕುತ್ತಾ ನಿಂತಿದ್ದರೆ ಭಕ್ತರು ಏನು ತಿಳಿಯಬೇಕು? ಬೋರ್ಡು ಓದುವ ಪುರುಸೊತ್ತು ಯಾರಿಗಿದೆ? ಮೊದಲ ವ್ಯಾನಿನವರು ಇಳಿದು ಕೈಮುಗಿದರು. ಎರಡನೆಯ ವ್ಯಾನಿನವರು ಬಾಳೆಹಣ್ಣು ಕೊಟ್ಟರು. ತಿಂಗಳು ಕಳೆಯುವುದರೊಳಗೆ ಅಲ್ಲೊಂದು ಬಾಳೆಹಣ್ಣಿನ ತಳ್ಳುಗಾಡಿಯೂ ನಿಂತಿತು.

ತಮ್ಮ ಪರಿಶೀಲಕರು ಮರು ಪರಿಶೀಲನೆಗೆ ಬಂದಾಗ ಗೌರಿಬಿದನೂರಿನ ಕಡೆಯ ಒಂದು ಕುಟುಂಬ ಬಂಗಾರಿಗೆ ಪ್ರದಕ್ಷಿಣೆ ಹಾಕುತ್ತಿತ್ತು. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭಕ್ತಿಗೆ ಇನ್ನೂ ತಮ್ಮ ಪುಸ್ತಕದಲ್ಲಿ ಅಧ್ಯಾಯವಿಲ್ಲ. ಅವರು ನೋಡಿದ್ದು ಬಾಳೆಹಣ್ಣನ್ನು. ಆ ಹಣ್ಣು ಎಲ್ಲಿಯದು, ಯಾರ ತೋಟದ್ದು, ಹಣ್ಣಾಗಲು ಏನು ಹಾಕಿದ್ದಾರೆ ಎಂದು ತಳ್ಳುಗಾಡಿಯವನನ್ನು ಕೇಳಿದರು. ಅವನು ಹೆದರಿ ಗಾಡಿ ತಳ್ಳಿಕೊಂಡು ಹೋದವನು ತಿರುಗಿ ಬರಲಿಲ್ಲ. ಬಂಗಾರಿಯ ಮೇಲೆ ಎರಡನೆಯ ಆರೋಪ ದಾಖಲಾಯಿತು, ಪ್ರಮಾಣೀಕರಿಸದ ಬಾಳೆಹಣ್ಣಿನ ಸೇವನೆ. ತಾವು ಹೇಳಿದ ಜಾಗದಲ್ಲಿ, ತಾವು ಹೇಳಿದ ಬೋರ್ಡಿನ ಪಕ್ಕ ಕಟ್ಟಿದ್ದಕ್ಕೇ ಅವಳು ಅದನ್ನು ತಿಂದದ್ದು ಎಂದು ನಾನು ಬಾಯಿ ಬಡಿದುಕೊಂಡೆ. ಪರಿಶೀಲಕರು ಕಾರಿನ ಗಾಜು ಏರಿಸುತ್ತಾ, "ನೀವು ಅದನ್ನ ಬರವಣಿಗೆಯಲ್ಲಿ ಕೊಡಿ ಮೇಡಂ," ಎಂದರು.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಸಂಘಕ್ಕೆ ಹೋಗದ ಹಾಲು ಮನೆಯಲ್ಲೇ ಉಳಿಯಬೇಕಷ್ಟೆ. ಪಾಯಸ, ಮಜ್ಜಿಗೆ ಹುಳಿ, ಮೊಸರನ್ನ, ಮತ್ತೆ ಪಾಯಸ. ಅದರಲ್ಲಿ ಹೊಟ್ಟೆ ತುಂಬಿದ್ದು ಎಲ್ಲರದೂ, ನನ್ನೊಬ್ಬಳನ್ನು ಬಿಟ್ಟು. ಅತ್ತೆ ಬೆಳಿಗ್ಗೆ ನನಗೆ ಮಾತ್ರ ಕಪ್ಪು ಕಾಫಿ ತಂದು ಮುಂದಿಡುತ್ತಿದ್ದರು. "ನಿನ್ನ ಕಾಫಿಗೆ ಬಂಗಾರಿ ಹಾಲು ಹಾಕಾಕೆ ನಿಮ್ಮ ಆಫೀಸಿನೋರು ಒಪ್ಪವ್ರೆ ಏನಮ್ಮ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ನನ್ನ ಯಜಮಾನರು ಮೋಹನ್‌ಬಾಬು, ತಾಯಿಯ ಪಕ್ಷವೋ ಹೆಂಡತಿಯ ಪಕ್ಷವೋ ಹೇಳಲಾರದೆ, ಇಬ್ಬರು ಮಾತಿಗಿಳಿದ ತಕ್ಷಣ ಹುಳುವಿಗೆ ಸೊಪ್ಪು ಹಾಕಬೇಕು ಎಂದು ಎದ್ದು ಹೋಗುತ್ತಿದ್ದರು. ಆ ಸಲದ ರೇಷ್ಮೆ ಬೆಳೆಯ ಹುಳುಗಳು ತಿಂದಷ್ಟು ಸೊಪ್ಪನ್ನು ಸಾದಲಿ ಹೋಬಳಿಯ ಯಾವ ಹುಳುವೂ ತಿಂದಿಲ್ಲ.

ನಾನೂ ನಕ್ಕುಕೊಂಡೇ ಇದ್ದೆ, ಮಾನ್ಯರೇ. ಬಂಗಾರಿಯ ಕತೆ ಹೇಳಿ ಚಿಂತಾಮಣಿಯ ಸಂತೆಯಲ್ಲಿ ಎಷ್ಟು ಜನರನ್ನು ನಗಿಸಿದ್ದೇನೆ. ನಗು ನಿಂತದ್ದು ಶ್ರಾವಣದಲ್ಲಿ ತಮ್ಮ ಕೊನೆಯ ಆದೇಶ ಬಂದಾಗ. ಸದರಿ ಪ್ರಾಣಿಯನ್ನು ಹಿಂಡಿನಿಂದ ಶಾಶ್ವತವಾಗಿ ಹೊರಹಾಕಬೇಕು, ತಪ್ಪಿದಲ್ಲಿ ಇಡೀ ಸಂಘದ ಪ್ರಮಾಣಪತ್ರ ರದ್ದು. ಹೊರಹಾಕಿದರೆ ಸಂಘದ ಲೆಕ್ಕದಲ್ಲಿ ಅತ್ತೆಗೆ ಹಸುವಿಲ್ಲ. ಹಸುವಿಲ್ಲದಿದ್ದರೆ ಅವರೇ ಬರೆಸಿದ ನಿಯಮದ ಪ್ರಕಾರ, ಬರುವ ತಿಂಗಳ ಮಹಾಸಭೆಗೆ ಅವರು ಸದಸ್ಯೆಯೇ ಅಲ್ಲ. ತಾವು ಬರೆದ ವಾಕ್ಯದಲ್ಲಿ ಇದು ಎಲ್ಲೂ ಇಲ್ಲ ಎಂಬುದು ನನಗೆ ಗೊತ್ತು. ತಾವು ಹಸುವನ್ನು ಮಾತ್ರ ಹೊರಹಾಕಿದ್ದೀರಿ. ಸಂಘ ಕಟ್ಟಿದ ಹೆಂಗಸು ಆ ಹಗ್ಗದ ಇನ್ನೊಂದು ತುದಿಯಲ್ಲಿದ್ದಾರೆ, ಅಷ್ಟೆ.

ಸಂಘದ ಮುಂದಿನ ಹೊಂಗೆ ಮರದ ಕೆಳಗೆ ಸಭೆ ಸೇರಿದೆವು. ಆವಲಪ್ಪನವರು ಎದ್ದು ನಿಂತು, ಟವಲ್ಲು ಹೆಗಲಿನಿಂದ ಹೆಗಲಿಗೆ ಬದಲಾಯಿಸಿ, ಹೇಳಲಾರದೆ ಹೇಳಿದರು. "ಒಂದು ಹಸಕ್ಕೋಸ್ಕರ ಎಲ್ರ ಬಾಯಿಗೂ ಮಣ್ಣು ಹಾಕ್ಕೊಳ್ಳಾಕೆ ಆಗಲ್ಲ. ಹಂಗಂತ ರತ್ನಮ್ಮನ್ನ ಹೊರಗೆ ಹೋಗು ಅನ್ನಾಕೆ ನನಗೆ ಬಾಯಿ ಬರಲ್ಲ. ನೀವೇ ಏನಾದ್ರೂ ಹೇಳ್ರಪ್ಪ." ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರ ಮನೆಯ ಒಲೆಯೂ ಆ ಪ್ರಮಾಣಪತ್ರದ ಮೇಲೆ ಉರಿಯುತ್ತಿದೆ.

ಅತ್ತೆಯೇ ಎದ್ದರು. "ಯಾಕ್ರಪ್ಪ ಮುಖ ಮುಖ ನೋಡ್ತೀರಿ. ನನ್ನ ಹೆಸರು ತೆಗೀರಿ. ಬಂಗಾರೀನ ಮಾರಿ ಇನ್ನೊಂದು ಹಸ ಕಟ್ಟು ಅಂತ ಮಾತ್ರ ಹೇಳ್ಬೇಡಿ, ನನ್ನ ಕೈಲಾಗಲ್ಲ. ಪೋನೀಲೇ, ಹೋಗ್ಲಿ ಬಿಡಿ, ನಂಗೂ ವಯಸ್ಸಾಯ್ತು." ಇಷ್ಟು ಹೇಳಿ ಕೂತು, ಸೆರಗು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬೈದ ಹಾಗಾದರೂ ಆಗುತ್ತಿತ್ತು.

ಆಗ ಹಿಂದಿನಿಂದ ಮುನಿಶಾಮಮ್ಮನವರು ಎದ್ದು ಬಂದರು. ಕೆಳಗಿನ ಬೀದಿಯವರು, ಸಭೆಯಲ್ಲಿ ಎಂದೂ ಬಾಯಿ ಬಿಡದವರು.

"ಪೋನೀಲೇ ಅಂದ್ರೆ ಬಿಡಾಕೆ ಆಗ್ತದಾ ರತ್ನಕ್ಕ? ಸಂಘ ಸುರುವಾದಾಗ ನಮ್ಮ ಬೀದಿ ಹಾಲಿಗೆ ಬೇರೆ ಕ್ಯಾನು ಇಡಿ ಅಂದೋರು ಇದ್ರು. ಅವ್ರೂ ಇಲ್ಲೇ ಕೂತವ್ರೆ, ಹೆಸರು ಬ್ಯಾಡ ಬಿಡಿ. ನಾನು ಚೊಂಬು ಹಿಡ್ಕೊಂಡು ನಿಂತಿದ್ದೆ, ಯಾವುದಕ್ಕೆ ಹುಯ್ಯೋದು ಅಂತ ಗೊತ್ತಾಗ್ದೆ. ಈಯಮ್ಮ ಬಂದು ತನ್ನ ಹಾಲು ನನ್ನ ಚೊಂಬಿಗೆ ಹುಯ್ದು, ಎರಡೂ ಸೇರಿಸಿ ದೊಡ್ಡ ಕ್ಯಾನಿಗೆ ಬಗ್ಗಿಸಿದ್ಳು. ಯಾರಿಗೆ ಬೇರೆ ಬೇಕೋ ಈಗ ಬೇರೆ ಮಾಡ್ಕೊಳ್ಳಿ ಅಂದ್ಳು. ಯಾರಾದ್ರೂ ಮಾಡ್ಕೊಂಡ್ರಾ? ಈಗ ಇವ್ಳ ಹಾಲಿಗೇ ಬೇರೆ ಪಾತ್ರೆ ಇಟ್ಟೀರಿ. ನಾವೆಲ್ಲ ನೋಡ್ಕೊಂಡು ಸುಮ್ಕಿದ್ದೀವಿ."

ಆ ಮನೆಗೆ ಸೊಸೆಯಾಗಿ ಬಂದು ಇಷ್ಟು ಕಾಲವಾದರೂ ಅತ್ತೆ ನನಗೆ ಈ ಕತೆ ಹೇಳಿರಲಿಲ್ಲ. ಆ ಬೇರೆ ಪಾತ್ರೆಯನ್ನು ಅಂಗಡಿಯಿಂದ ತಂದು, ಅದರ ಮೇಲೆ ನೀಲಿ ಪಟ್ಟಿ ಅಂಟಿಸಿ, ಕೊಟ್ಟಿಗೆಯಲ್ಲಿ ಇಟ್ಟವಳು ನಾನು. ನನಗೆ ನಾಚಿಕೆಯಾಯಿತು. ಸಭೆ ಯಾವ ತೀರ್ಮಾನವನ್ನೂ ಮಾಡದೆ ಚದುರಿತು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ನಾನು ಎಂದಿನಂತೆ ಸಂಘದ ಕಿಟಕಿಯ ಹಿಂದೆ ಕೂತಿದ್ದೆ. ಮುನಿಶಾಮಮ್ಮನವರು ಸಾಲಿನಲ್ಲಿ ಎರಡು ಚೊಂಬು ಹಿಡಿದು ನಿಂತಿದ್ದರು. ಒಂದು ಅವರದ್ದು. ಇನ್ನೊಂದರ ಕಂಠದಲ್ಲಿ ಒಂದು ತಗ್ಗಿದೆ, ನಾನೇ ದಿನಾ ತೊಳೆಯುವ ಚೊಂಬು. ಹಿತ್ತಲ ಬಾಗಿಲಿನಿಂದ ಹೋಗಿ ಅತ್ತೆಯ ಕೈಯಿಂದ ಕಿತ್ತುಕೊಂಡು ಬಂದಿದ್ದರಂತೆ. ನನ್ನ ಮುಂದೆ ಎರಡನ್ನೂ ಇಟ್ಟರು.

"ಎರಡೂ ನಂದೇ. ಬರ್ಕೊಳಮ್ಮ."

ಅವರ ಹಿಂದೆ ಆವಲಪ್ಪನವರು, ಅವರ ಹಿಂದೆ ಊರು. ಎಲ್ಲರಿಗೂ ಆ ಚೊಂಬು ಯಾರದೆಂದು ಗೊತ್ತು. ಆವಲಪ್ಪನವರು ನಾನು ಅವರ ಮುಖ ನೋಡುವ ಮೊದಲೇ ಬೆಟ್ಟದ ಕಡೆ ತಿರುಗಿಕೊಂಡು ಮಳೆ ಬರಬಹುದು ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಾನು ಎರಡು ಚೊಂಬಿನ ಹಾಲನ್ನೂ ಅಳೆದೆ. ಮುನಿಶಾಮಮ್ಮನವರದ್ದು ಮುನಿಶಾಮಮ್ಮ ಎಂದು ಬರೆದೆ, ಅತ್ತೆಯದ್ದು ವೆಂಕಟರತ್ನಮ್ಮ ಎಂದು ಬರೆದೆ, ಎರಡನ್ನೂ ದೊಡ್ಡ ಕ್ಯಾನಿಗೆ ಹುಯ್ದೆ. ಹಿಂದಿದ್ದವರಲ್ಲಿ ಒಬ್ಬರೂ ತಮ್ಮ ಹಾಲು ವಾಪಸು ತೆಗೆದುಕೊಂಡು ಹೋಗಲಿಲ್ಲ. ಆವಲಪ್ಪನವರು ಮುಂದೆ ಬಂದು ತಮ್ಮ ಹಾಲನ್ನು ಅದೇ ಕ್ಯಾನಿಗೆ ಹಾಕಿ, "ಸುರು ಮಾಡಿದ್ದು ಆಯ್ತಲ್ಲ, ಬೇಗ ಬೇಗ ಅಳಿ ಕಲ್ಯಾಣಮ್ಮ, ಬಿಸಿಲಾಗ್ತದೆ," ಎಂದರು.

ನಾವು ಕಳ್ಳರಲ್ಲ. ಆ ಹೊತ್ತಿನಿಂದ ಸಂಘದ ಒಂದು ಹಾಲಿನ ಪ್ಯಾಕೆಟ್ಟಿನ ಮೇಲೂ ಸಾವಯವ ಎಂಬ 'ಚೀಟಿ' ಅಂಟಿಸಿಲ್ಲ. ಅಂಗಡಿಯವರಿಗೆ ಕಾರಣ ಹೇಳಿದ್ದೇವೆ. ಕೆಲವರು ನಕ್ಕು ತೆಗೆದುಕೊಂಡರು. ಕೆಲವರು ಚೀಟಿ ಇಲ್ಲದೆ ಬೇಡ ಎಂದರು. ಹೀಗೆ ಬಹಳ ದಿನ ನಡೆಸುವ ಶಕ್ತಿ ನಮಗಿಲ್ಲ ಎಂಬುದು ನಮಗೂ ಗೊತ್ತು, ತಮಗೂ ಗೊತ್ತು. ಆ ಕ್ಯಾನಿನಲ್ಲಿ ಒಂದು ಚೊಂಬು ನೀಲಿ ಕೊಂಬಿನ ಹಾಲು ಸೇರಿದೆ, ಅದು ಎಲ್ಲರ ಹಾಲಿನಲ್ಲೂ ಇದೆ. ತಮ್ಮ ಪುಸ್ತಕದ ಪ್ರಕಾರ ಈಗ ಸಾದಲಿ ಹೋಬಳಿಯಲ್ಲಿ ನಮ್ಮ ಯಾವ ಹಸುವಿನ ಹಾಲೂ ಪರಿಶುದ್ಧವಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಮಹಾಸಭೆಗೆ ಮೊದಲು ತಮ್ಮ ಆದೇಶವನ್ನು ಹಿಂದಕ್ಕೆ ಪಡೆಯಿರಿ, ಬಂಗಾರಿಯನ್ನು ಹಿಂಡಿಗೆ ಸೇರಿಸಿಕೊಳ್ಳಿ, ವೆಂಕಟರತ್ನಮ್ಮನವರು ತಾವು ಕಟ್ಟಿದ ಸಂಘದಲ್ಲಿ ಕೈ ಎತ್ತಿ ಓಟು ಹಾಕಲಿ. ಕೊಂಬಿಗೆ ಬಣ್ಣ ಹಚ್ಚಬಾರದು ಎಂಬುದು ನಿಯಮವಾದರೆ ಬರುವ ಸಂಕ್ರಾಂತಿಯಿಂದ ಪಾಲಿಸುತ್ತೇವೆ, ಆ ಡಬ್ಬವನ್ನು ನಾನೇ ಹುಡುಕಿ ತಂದು ತಮ್ಮ ಕಚೇರಿಗೆ ಒಪ್ಪಿಸುತ್ತೇನೆ. ಇದಾವುದೂ ಸಾಧ್ಯವಿಲ್ಲ, ನಿಯಮ ನಿಯಮವೇ ಎನ್ನುವುದಾದರೆ, ಪರಿಶೀಲಕರನ್ನು ಕಳಿಸಬೇಡಿ, ನೋಟಿಸನ್ನೂ ಕಳಿಸಬೇಡಿ. ತಾವೇ ಬನ್ನಿ. ಬೆಳಿಗ್ಗೆ ಹಾಲಿನ ಹೊತ್ತಿಗೆ ಕಿಟಕಿಯ ಹಿಂದೆ ನನ್ನ ಕುರ್ಚಿಯಲ್ಲಿ ಕೂತುಕೊಳ್ಳಿ. ಅತ್ತೆಯನ್ನು ನಾನು ಕೈಹಿಡಿದು ಸಾಲಿಗೆ ಕರೆತರುತ್ತೇನೆ. ಅವರು ಚೊಂಬನ್ನು ತಮ್ಮ ಮುಂದೆ ಇಟ್ಟು, "ಅಳೀಪ್ಪ," ಎನ್ನುತ್ತಾರೆ. ಊರೆಲ್ಲ ಹಿಂದೆ ನಿಂತಿರುತ್ತದೆ. 'ನಿಮ್ಮ ಹಾಲು ಬೇಡ' ಎಂದು ಅವರ ಮುಖ ನೋಡಿ ತಾವೇ ಹೇಳಿ. ನಾನು ಸಂಕ್ರಾಂತಿಯಿಂದ ಹೇಳುತ್ತಲೇ ಬಂದಿದ್ದೇನೆ, ಇನ್ನು ನನ್ನಿಂದ ಆಗದು.

ಇಂತಿ,
ಮನೆಯಲ್ಲಿ ಕಪ್ಪು ಕಾಫಿಗೂ ಕಚೇರಿಯಲ್ಲಿ ನೋಟಿಸಿಗೂ ಸಮಾನವಾಗಿ ಅರ್ಹಳಾದ,
ಈ ಪತ್ರ ಪ್ರಕಟವಾಗುವ ಹೊತ್ತಿಗೆ ಕೆಲಸ ಉಳಿದಿದ್ದರೆ ಸಂಘದ ಕಾರ್ಯದರ್ಶಿ,
ಉಳಿಯದಿದ್ದರೂ ವೆಂಕಟರತ್ನಮ್ಮನವರ ಸೊಸೆ,
ಕಲ್ಯಾಣಿ
ಸಾದಲಿ ಹೋಬಳಿ, ಶಿಡ್ಲಘಟ್ಟ ತಾಲ್ಲೂಕು